ಹಳೆಯ ಟೋಪೋಶೀಟುಗಳಲ್ಲಿ ಊರಿನ ಚರಿತ್ರೆ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಈ ತಗ್ಗಿನಲ್ಲಿ ಹಿಂದೆ ಕಟ್ಟೆ ಇತ್ತೇ? ಊರ ಕೆರೆಗೆ ನೀರು ಯಾವ ದಿಕ್ಕಿನಿಂದ ಬರುತ್ತಿತ್ತು? ಎರಡು ಊರುಗಳ ನಡುವಿನ ಬಂಡಿದಾರಿ ಎಲ್ಲಿ ಹಾದುಹೋಗಿತ್ತು? ಪಹಣಿಯಲ್ಲಿ ಹೆಸರಿದ್ದೂ ಒಂದು ಮನೆಯೂ ಇಲ್ಲದ ಗ್ರಾಮದಲ್ಲಿ ಜನರು ಯಾವ ಕಾಲದಲ್ಲಿ ವಾಸವಾಗಿದ್ದರು? ಇಂಥ ಪ್ರಶ್ನೆಗಳಿಗೆ ಊರಿನ ಹಿರಿಯರು ಉತ್ತರ ಬಲ್ಲರು. ಆದರೆ ಕಣ್ಣಾರೆ ಕಂಡು ಹೇಳಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರ ಮಾತಿಗೆ ಜೊತೆಯಾಗಿ ನಿಲ್ಲಬಲ್ಲ ಇನ್ನೊಂದು ಸಾಕ್ಷಿ ಇದೆ. ಅದು ಸ್ಥಳಾಕೃತಿ ನಕ್ಷೆ. ಕಚೇರಿಯ ವ್ಯವಹಾರದಲ್ಲಿ ಟೋಪೋಶೀಟ್ ಎಂದು ಕರೆಯಲಾಗುವ ನಕ್ಷೆ.

ಬೆಟ್ಟ, ಹಳ್ಳ, ಕೆರೆ, ಬಾವಿ, ದಾರಿ, ತೋಪು, ಗುಡಿ, ಮನೆಗಳ ಗುಂಪು ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಅಳತೆಗೆ ತಕ್ಕಂತೆ ತೋರಿಸುವುದು ಈ ನಕ್ಷೆಯ ವಿಶೇಷ. ಬೇರೆ ಬೇರೆ ಕಾಲದಲ್ಲಿ ತಯಾರಾದ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಊರಿನಲ್ಲಿ ಉಳಿದದ್ದು ಯಾವುದು, ಅಳಿದದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಈ ನಕ್ಷೆಗಳನ್ನು ಓದುವ ಕ್ರಮ, ಅವುಗಳಿಂದ ತಿಳಿಯಬಹುದಾದ ಸಂಗತಿ ಹಾಗೂ ಅವುಗಳ ಮಿತಿ, ಈ ಮೂರನ್ನು ಪ್ರಸ್ತುತ ಪಾಠದಲ್ಲಿ ವಿವರಿಸಲಾಗಿದೆ.

1. ನಕ್ಷೆಗಳು ತಯಾರಾದ ಬಗೆ

ಭಾರತೀಯ ಸರ್ವೇಕ್ಷಣಾ ಇಲಾಖೆಯ ಆರಂಭವನ್ನು 1767ರಿಂದ ಗಣಿಸಲಾಗುತ್ತದೆ. ಕರ್ನಾಟಕದ ಮಟ್ಟಿಗೆ 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ಈ ಕಾರ್ಯ ಚುರುಕಾಯಿತು. 1800ರ ವೇಳೆಗೆ ಇಬ್ಬರು ಅಧಿಕಾರಿಗಳು ಮೈಸೂರು ಸೀಮೆಯಲ್ಲಿ ಎರಡು ಬಗೆಯ ಕೆಲಸವನ್ನು ಕೈಗೊಂಡರು. ವಿಲಿಯಂ ಲ್ಯಾಂಬ್ಟನ್ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆದು ನಿಖರವಾದ ಬಿಂದುಗಳ ಜಾಲವನ್ನು ಹೆಣೆಯಲು ತೊಡಗಿದರು. 1802ರಲ್ಲಿ ಮದ್ರಾಸಿನ ಬಳಿ ಅಳೆದ ಆಧಾರರೇಖೆಯಿಂದ ಮುಂದುವರಿದ ಈ ಕಾರ್ಯವೇ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎನಿಸಿತು. ಕಾಲಿನ್ ಮೆಕೆಂಜಿ ಊರು, ಕೆರೆ, ಗಡಿಗಳ ವಿವರವನ್ನು ನಕ್ಷೆಗೆ ತಂದರು. ಮೆಕೆಂಜಿಯವರು ಅಳತೆಗಷ್ಟೇ ನಿಲ್ಲದೆ, ಕಾವಲಿ ವೆಂಕಟ ಬೋರಯ್ಯ ಮುಂತಾದ ದೇಶೀ ಸಹಾಯಕರ ಮೂಲಕ ಶಾಸನಗಳ ಪ್ರತಿಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. 1815ರಲ್ಲಿ ಅವರು ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ನಕ್ಷೆಯನ್ನೂ ಊರಿನ ಚರಿತ್ರೆಯನ್ನೂ ಕೂಡಿಸಿ ನೋಡುವ ಪದ್ಧತಿಯು ಈ ನಾಡಿಗೆ ಹೊಸದಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

1827ರಿಂದ ನಾಲ್ಕು ಮೈಲಿಗೆ ಒಂದು ಇಂಚಿನ ಪ್ರಮಾಣದ ಭಾರತ ಅಟ್ಲಾಸಿನ ಹಾಳೆಗಳು ಹೊರಬರತೊಡಗಿದವು. ತರುವಾಯ ಒಂದು ಮೈಲಿಗೆ ಒಂದು ಇಂಚಿನ ವಿವರವಾದ ಹಾಳೆಗಳು ಬಂದವು. ಸ್ವಾತಂತ್ರ್ಯಾನಂತರ ಮೆಟ್ರಿಕ್ ಪದ್ಧತಿ ಜಾರಿಯಾದಾಗ ಅವುಗಳ ಸ್ಥಾನದಲ್ಲಿ 1:50,000 ಪ್ರಮಾಣದ ಹಾಳೆಗಳು ಬಳಕೆಗೆ ಬಂದವು. ಈ ನಕ್ಷೆಗಳ ಮೂಲ ಉದ್ದೇಶ ಸೈನ್ಯದ ಚಲನೆ ಮತ್ತು ಆಡಳಿತ, ಗ್ರಾಮಚರಿತ್ರೆಯನ್ನು ಬರೆಯುವುದಲ್ಲ. ಆದ್ದರಿಂದ ಅವುಗಳಲ್ಲಿ ಏನನ್ನು ತೋರಿಸಲಾಗಿದೆ ಎಂಬುದರಷ್ಟೇ ಏನನ್ನು ಬಿಡಲಾಗಿದೆ ಎಂಬುದೂ ಗಮನಾರ್ಹ.

2. ನಮ್ಮ ಊರಿನ ಹಾಳೆ ಯಾವುದು?

ಹಾಳೆಯ ಸಂಖ್ಯೆಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ದೇಶವನ್ನು ಮೊದಲು 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ವಿಭಾಗಿಸಿ ಸಂಖ್ಯೆ ನೀಡಲಾಗಿದೆ. ಕರ್ನಾಟಕದ ಬಹುಭಾಗವು 47, 48, 56, 57 ಎಂಬ ಚೌಕಗಳಲ್ಲಿಯೂ, ದಕ್ಷಿಣದ ಅಂಚು 58ರಲ್ಲಿಯೂ ಬರುತ್ತದೆ. ಪ್ರತಿ ಚೌಕವನ್ನು ಎ ಇಂದ ಪಿ ವರೆಗೆ ಒಂದೊಂದು ಡಿಗ್ರಿಯ 16 ಭಾಗಗಳಾಗಿಯೂ, ಅಂಥ ಪ್ರತಿ ಭಾಗವನ್ನು 1ರಿಂದ 16ರವರೆಗೆ 15 ಮಿನಿಟುಗಳ 16 ಹಾಳೆಗಳಾಗಿಯೂ ಒಡೆಯಲಾಗಿದೆ. ಎಣಿಕೆಯು ಎಡ ಮೇಲ್ತುದಿಯಿಂದ ಪ್ರಾರಂಭವಾಗಿ ಕೆಳಗಿಳಿದು, ನಂತರ ಬಲಗಡೆಯ ಸಾಲಿಗೆ ಹೋಗುತ್ತದೆ.

ಉದಾಹರಣೆಗೆ, ಮೈಸೂರು ನಗರವು ಸುಮಾರು 12 ಡಿಗ್ರಿ 18 ಮಿನಿಟು ಉತ್ತರ ಅಕ್ಷಾಂಶ, 76 ಡಿಗ್ರಿ 39 ಮಿನಿಟು ಪೂರ್ವ ರೇಖಾಂಶದಲ್ಲಿದೆ. 12ರಿಂದ 16 ಡಿಗ್ರಿ ಉತ್ತರ, 76ರಿಂದ 80 ಡಿಗ್ರಿ ಪೂರ್ವದ ಚೌಕ 57. ಅದರ ಮೊದಲ ಸಾಲಿನ ಕೊನೆಯ ಭಾಗ ಡಿ. ಅದರೊಳಗೆ ಮೂರನೆಯ ಸಾಲಿನ ಮೂರನೆಯ ಹಾಳೆ 11. ಹೀಗೆ ಹಾಳೆಯ ಸಂಖ್ಯೆ 57 ಡಿ/11 ಎಂದಾಗುತ್ತದೆ. ಮೊಬೈಲಿನಲ್ಲಿ ಊರಿನ ಅಕ್ಷಾಂಶ, ರೇಖಾಂಶ ನೋಡಿಕೊಂಡರೆ ಯಾವುದೇ ಗ್ರಾಮದ ಹಾಳೆಯನ್ನು ಇದೇ ಕ್ರಮದಲ್ಲಿ ಗುರುತಿಸಬಹುದು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗಾಗಿ ಹೊರತಂದ ಮುಕ್ತ ಶ್ರೇಣಿಯ ಹಾಳೆಗಳಿಗೆ ಬೇರೆ ಸಂಖ್ಯಾಕ್ರಮವಿರುವುದನ್ನು ಗಮನಿಸಬೇಕು.

ಮುಕ್ತ ಶ್ರೇಣಿಯ ನಕ್ಷೆಗಳು ಸರ್ವೇಕ್ಷಣಾ ಇಲಾಖೆಯ ಜಾಲತಾಣದಲ್ಲಿ ದೊರೆಯುತ್ತವೆ. ಇಲಾಖೆಯ ಕಚೇರಿಯೊಂದು ಬೆಂಗಳೂರಿನ ಕೋರಮಂಗಲದಲ್ಲಿದೆ. ಅಮೆರಿಕದ ಸೇನಾ ನಕ್ಷೆ ವಿಭಾಗವು 1950ರ ದಶಕದಲ್ಲಿ ಮುದ್ರಿಸಿದ 1:2,50,000 ಪ್ರಮಾಣದ ಭಾರತದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದೆ. ಇವುಗಳಲ್ಲಿ ಚಿಕ್ಕ ಕಟ್ಟೆಗಳು ಕಾಣಿಸದಿದ್ದರೂ, ದೊಡ್ಡ ಜಲಾಶಯಗಳು ನಿರ್ಮಾಣವಾಗುವ ಮುಂಚಿನ ನದಿಕಣಿವೆಗಳನ್ನು ನೋಡಲು ಇವು ಉಪಯುಕ್ತ.

3. ಚಿಹ್ನೆಗಳನ್ನು ಓದುವ ಕ್ರಮ

ಬಣ್ಣದ ಹಾಳೆಗಳಲ್ಲಿ ನೀರು ನೀಲಿ, ಕಾಡು ಹಸಿರು, ಸಾಗುವಳಿ ಹಳದಿ, ಮನೆಗಳು ಮತ್ತು ರಸ್ತೆಗಳು ಕೆಂಪು, ಸಮೋನ್ನತ ರೇಖೆಗಳು ಕಂದು. ಸಮೋನ್ನತ ರೇಖೆ ಎಂದರೆ ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆ. 1:50,000 ಪ್ರಮಾಣದ ಹಾಳೆಗಳಲ್ಲಿ ಸಾಮಾನ್ಯವಾಗಿ ಇಂಥ ಎರಡು ಗೆರೆಗಳ ನಡುವೆ 20 ಮೀಟರ್ ಎತ್ತರದ ವ್ಯತ್ಯಾಸವಿರುತ್ತದೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರವಿದ್ದರೆ ಬಯಲು. ಗೆರೆಗಳು ಎತ್ತರದ ಕಡೆಗೆ ಚೂಪಾಗಿ ಬಾಗಿದ್ದರೆ ಅಲ್ಲಿ ಹಳ್ಳ ಇಳಿಯುತ್ತದೆ. ಇಂದು ಹಳ್ಳವನ್ನು ಮುಚ್ಚಿ ಬಡಾವಣೆ ಎದ್ದಿದ್ದರೂ ಮಳೆಯ ನೀರು ಆ ಬಾಗನ್ನೇ ಹುಡುಕಿಕೊಂಡು ಬರುತ್ತದೆ.

ಕೆರೆಯ ಏರಿಯನ್ನು ದಪ್ಪ ಗೆರೆಯಲ್ಲಿ ತೋರಿಸಲಾಗುತ್ತದೆ. ಏರಿಯ ಬಳಿ ಅಂಕಿಯ ಪಕ್ಕದಲ್ಲಿ ಆರ್ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಸುತ್ತಲಿನ ನೆಲಕ್ಕೆ ಹೋಲಿಸಿದ ಎತ್ತರ. ಸದಾ ನೀರಿರುವ ಕೆರೆಗೂ ಬೇಸಿಗೆಯಲ್ಲಿ ಬತ್ತುವ ಕೆರೆಗೂ, ಕಲ್ಲು ಕಟ್ಟಡದ ಬಾವಿಗೂ ಕಟ್ಟಡವಿಲ್ಲದ ಬಾವಿಗೂ ಪ್ರತ್ಯೇಕ ಚಿಹ್ನೆಗಳಿವೆ. ಜನವಸತಿಯ ಊರಿಗೂ ಜನರು ಬಿಟ್ಟುಹೋದ ಊರಿಗೂ, ಕೋಟೆಗೂ, ಗುಡಿ, ಮಸೀದಿ, ಇಗರ್ಜಿ, ಗೋರಿಗಳಿಗೂ ಗುರುತುಗಳಿವೆ. ಡಾಕ್ ಬಂಗಲೆ, ಅಂಚೆ ಕಚೇರಿ, ಪೊಲೀಸ್ ಠಾಣೆಗಳನ್ನು ಸಂಕ್ಷಿಪ್ತ ಅಕ್ಷರಗಳಿಂದ ಸೂಚಿಸಲಾಗುತ್ತದೆ. ಬಂಡಿದಾರಿ ಮತ್ತು ಕಾಲುದಾರಿಗಳು ಬೇರೆ ಬೇರೆ ಬಗೆಯ ಗೆರೆಗಳಲ್ಲಿರುತ್ತವೆ. ಹಾಳೆಯ ಅಂಚಿನಲ್ಲಿ ಮುದ್ರಿತವಾದ ಚಿಹ್ನೆಗಳ ವಿವರವನ್ನು ಓದಿದ ನಂತರವೇ ಹಾಳೆಯೊಳಗೆ ಪ್ರವೇಶಿಸುವುದು ಸರಿಯಾದ ಕ್ರಮ.

ಅದೇ ಅಂಚಿನಲ್ಲಿ ಎರಡು ವರ್ಷಗಳು ನಮೂದಾಗಿರುತ್ತವೆ: ಸಮೀಕ್ಷೆ ನಡೆದ ವರ್ಷ ಮತ್ತು ಮುದ್ರಣವಾದ ವರ್ಷ. ಚರಿತ್ರೆಗೆ ಮುಖ್ಯವಾದದ್ದು ಮೊದಲನೆಯದು. ಮುದ್ರಣದ ವರ್ಷವನ್ನೇ ನಂಬಿದರೆ, ಆ ವೇಳೆಗಾಗಲೇ ಒಡೆದುಹೋಗಿದ್ದ ಕೆರೆಯು ಇನ್ನೂ ಇತ್ತೆಂದು ತಪ್ಪಾಗಿ ಗ್ರಹಿಸುವ ಸಂಭವವಿದೆ.

4. ಹೆಸರುಗಳು ಹೇಳುವ ಚರಿತ್ರೆ

ನಕ್ಷೆಯ ಮೇಲಿನ ಹೆಸರುಗಳು ಚಿಹ್ನೆಗಳಷ್ಟೇ ಬೆಲೆಯುಳ್ಳವು. ಊರಿನ ಹೆಸರಿನ ಕೊನೆಯಲ್ಲಿ ಕೆರೆ, ಕಟ್ಟೆ, ಸಮುದ್ರ, ಸಾಗರ ಎಂದಿದ್ದು ಇಂದು ಅಲ್ಲಿ ನೀರಿನ ಸೆಲೆ ಕಾಣದಿದ್ದರೆ ಹಳೆಯ ಹಾಳೆಯಲ್ಲಿ ಏರಿಯ ಗೆರೆಯನ್ನು ಹುಡುಕಬೇಕು. ಹಟ್ಟಿ ಎಂಬುದು ಪಶುಪಾಲಕರ ನೆಲೆಯನ್ನೂ, ಅಗ್ರಹಾರ ಎಂಬುದು ದಾನವಾಗಿ ಬಂದ ಗ್ರಾಮವನ್ನೂ, ಸಂತೆ ಎಂಬುದು ವ್ಯಾಪಾರದ ಸ್ಥಳವನ್ನೂ, ಕಾವಲು ಎಂಬುದು ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲನ್ನೂ ಸೂಚಿಸಬಹುದು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಇಂದಿಗೂ ಉಳಿದಿರುವ ಕಾವಲುಗಳ ಹೆಸರುಗಳು ಮೈಸೂರು ಅರಸರ ಅಮೃತಮಹಲ್ ಜಾನುವಾರುಗಳ ನೆನಪನ್ನು ಹೊತ್ತಿವೆ.

ಕೆಲವು ಹೆಸರುಗಳನ್ನು ಆಳಿದವರು ಕೊಟ್ಟು, ನಂತರ ಜನರು ಬಿಟ್ಟರು. ಇಂದಿನ ರಾಮನಗರವು ಹಳೆಯ ಹಾಳೆಗಳಲ್ಲಿ ಕ್ಲೋಸ್‌ಪೇಟ್ ಎಂದಿದೆ. ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ಹೆಸರದು. ಊರಿನ ಹೆಸರು ಬದಲಾದರೂ ಅಲ್ಲಿಯ ಬಂಡೆಗಳನ್ನು ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಪಾಂಡವಪುರವು ಫ್ರೆಂಚ್ ರಾಕ್ಸ್ ಎಂದು ನಮೂದಾಗಿದೆ. ಹೈದರ್ ಮತ್ತು ಟಿಪ್ಪು ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಆ ಹೆಸರು. ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದ ಸಣ್ಣ ಊರುಗಳ ಹೆಸರುಗಳನ್ನು ಗಟ್ಟಿಯಾಗಿ ಓದಿಸಿದರೆ ಹಿರಿಯರು ಅದರ ಸರಿಯಾದ ರೂಪವನ್ನು ತಿದ್ದಿ ಹೇಳುತ್ತಾರೆ.

ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಎಂಬ ಪದವು ಸದಸ್ಯರಿಗೆ ಪರಿಚಿತ. ಪಾರಸಿ ಮೂಲದ ಈ ಪದದ ಅರ್ಥ ದೀಪವಿಲ್ಲದ್ದು, ಅಂದರೆ ದೀಪ ಹಚ್ಚುವವರಿಲ್ಲದ ಊರು. ಅಂಥ ಗ್ರಾಮದ ಹೆಸರು ಹಳೆಯ ಟೋಪೋಶೀಟಿನಲ್ಲಿ ಮನೆಗಳ ಗುರುತಿನೊಂದಿಗೆ ಇದೆಯೇ, ಪಾಳುಬಿದ್ದ ಊರಿನ ಚಿಹ್ನೆಯೊಂದಿಗೆ ಇದೆಯೇ, ಅಥವಾ ಇಲ್ಲವೇ ಇಲ್ಲವೇ ಎಂಬುದನ್ನು ಪರಿಶೀಲಿಸಬೇಕು. ಬಿ.ಎಲ್. ರೈಸ್ ಅವರು ಪ್ರಾರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ನೀಡಲಾಗಿದೆ. ಅಲ್ಲಿ ಅದೇ ಹೆಸರು ದೊರೆತರೆ, ದೀಪವಾರಿದ ಊರಿಗೆ ಹಲವು ಶತಮಾನಗಳ ಆಯುಷ್ಯವಿತ್ತೆಂದು ತಿಳಿಯುತ್ತದೆ.

5. ಮೂರು ನಿದರ್ಶನಗಳು

ಬೆಂಗಳೂರಿನ ಕೆರೆಗಳು: ನಗರದ ಹಳೆಯ ನಕ್ಷೆಯಲ್ಲಿ ಧರ್ಮಾಂಬುಧಿ ಕೆರೆ ಇರುವ ಸ್ಥಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಆಚರಣೆಗಾಗಿ ಚಿಕ್ಕದೊಂದು ಕೊಳ ಮಾತ್ರ ಉಳಿದಿದೆ. ಅಕ್ಕಿತಿಮ್ಮನಹಳ್ಳಿ ಕೆರೆಯು ಹಾಕಿ ಕ್ರೀಡಾಂಗಣವಾಗಿದೆ. ಈ ಕೆರೆಗಳು ಒಂಟಿಯಾಗಿರಲಿಲ್ಲ. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವ ಸರಪಳಿಯ ಕೊಂಡಿಗಳಾಗಿದ್ದವು. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. ನಗರದಲ್ಲಿ ಮಳೆಗಾಲದಲ್ಲಿ ನೀರು ನುಗ್ಗುವ ತಗ್ಗುಗಳನ್ನು ಹಳೆಯ ಹಾಳೆಯೊಂದಿಗೆ ಹೋಲಿಸಿದರೆ, ಅನೇಕ ಕಡೆ ಅಂಗಳ ಅಥವಾ ಕಾಲುವೆಯ ಗುರುತು ಕಾಣುತ್ತದೆ. ನಗರದ ಅಂಚಿನಲ್ಲಿ, ತಾಲ್ಲೂಕು ಕೇಂದ್ರಗಳ ಸುತ್ತಮುತ್ತ ಬಡಾವಣೆಗಳಿಗೆ ಅನುಮತಿ ನೀಡುವ ಸಂದರ್ಭ ಎದುರಾಗುವ ಪಂಚಾಯಿತಿಗಳಿಗೆ ಇದು ಮುಖ್ಯ ಪಾಠ.

ಕನ್ನಂಬಾಡಿ: ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ 1911ರಲ್ಲಿ ಪ್ರಾರಂಭವಾಗಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚಿನ ಸಮೀಕ್ಷೆಯ ಹಾಳೆಯಲ್ಲಿ ಕಾವೇರಿಯ ದಡದ ಊರುಗಳು, ದಾರಿಗಳು, ಹೊಲಗಳು ಇದ್ದ ಕಡೆ ನಂತರದ ಹಾಳೆಯಲ್ಲಿ ನೀಲಿ ಬಣ್ಣವೊಂದೇ ಇದೆ. ಹಳೆಯ ಕನ್ನಂಬಾಡಿ ಗ್ರಾಮ ಮುಳುಗಿತು. ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಗಳನ್ನು ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮರುನಿರ್ಮಿಸಲಾಗಿದೆ. ಹೊಸ ಎಂಬ ಪದದೊಂದಿಗೆ ಪ್ರಾರಂಭವಾಗುವ ಊರಿನ ಹೆಸರು ಕಂಡಾಗ ಹಳೆಯದು ಎಲ್ಲಿತ್ತು, ಜನರು ಏಕೆ ಸ್ಥಳ ಬದಲಿಸಿದರು ಎಂದು ಕೇಳುವುದು ಅಧ್ಯಯನದ ಮೊದಲ ಮೆಟ್ಟಿಲು.

ಶರಾವತಿ ಕಣಿವೆ: ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು, ನಂತರ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ಎರಡನೆಯದರ ನೀರಿನಲ್ಲಿ ಮೊದಲನೆಯದೇ ಮುಳುಗಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. 1950ರ ದಶಕದ ಹಾಳೆಗಳು ಈ ಎರಡು ಅಣೆಕಟ್ಟುಗಳ ನಡುವಿನ ಕಾಲಕ್ಕೆ ಸೇರಿದವು. ಲಿಂಗನಮಕ್ಕಿಯ ಹಿನ್ನೀರು ಕಣಿವೆಯ ದಾರಿಗಳನ್ನು ಕತ್ತರಿಸಿದ ಕಾರಣ ಸಿಗಂದೂರು ಭಾಗದ ಜನರು ದಶಕಗಳ ಕಾಲ ಲಾಂಚನ್ನು ಅವಲಂಬಿಸಬೇಕಾಯಿತು. ಸೇತುವೆ ಸಂಚಾರಕ್ಕೆ ತೆರೆದದ್ದು 2025ರಲ್ಲಿ. ನಾಡಿಗೆ ವಿದ್ಯುತ್ ನೀಡಲು ಊರು ಬಿಟ್ಟ ಕುಟುಂಬಗಳು ಇಂದು ಬೇರೆ ಬೇರೆ ಪಂಚಾಯಿತಿಗಳ ನಿವಾಸಿಗಳಾಗಿವೆ. ಅವರ ಮೂಲ ಊರನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಲು ಉಳಿದಿರುವ ಕೆಲವೇ ಆಧಾರಗಳಲ್ಲಿ ಹಳೆಯ ನಕ್ಷೆಯೂ ಒಂದು.

6. ಅಧ್ಯಯನದ ಹಂತಗಳು

ಮೊದಲನೆಯದಾಗಿ, ಪಂಚಾಯಿತಿ ವ್ಯಾಪ್ತಿಯ ಕನಿಷ್ಠ ಎರಡು ಕಾಲದ ಹಾಳೆಗಳನ್ನು ಸಂಗ್ರಹಿಸಿ, ಪ್ರತಿಯೊಂದರ ಸಮೀಕ್ಷೆಯ ವರ್ಷವನ್ನು ಬರೆದಿಡಬೇಕು.

ಎರಡನೆಯದಾಗಿ, ಎರಡರಲ್ಲಿಯೂ ಕಾಣುವ ಸ್ಥಿರ ಗುರುತುಗಳನ್ನು ಆರಿಸಬೇಕು. ಬೆಟ್ಟದ ತುದಿಯ ತ್ರಿಕೋನ ಚಿಹ್ನೆ, ಹಳೆಯ ದೇವಾಲಯ, ಕೆರೆ ಏರಿಯ ಎರಡು ತುದಿಗಳು ಇದಕ್ಕೆ ಸೂಕ್ತ. ಹಳ್ಳದ ತಿರುವು ಸ್ಥಳ ಬದಲಿಸುವುದರಿಂದ ಸೂಕ್ತವಲ್ಲ. ಕಂಪ್ಯೂಟರ್ ಬಲ್ಲವರಿದ್ದರೆ ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಹಳೆಯ ಹಾಳೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಇಲ್ಲವಾದರೆ, ಎರಡು ಹಾಳೆಗಳನ್ನೂ ಒಂದೇ ಪ್ರಮಾಣಕ್ಕೆ ತಂದು ಟ್ರೇಸಿಂಗ್ ಕಾಗದದ ಮೇಲೆ ಪೆನ್ಸಿಲಿನಿಂದ ನಕಲಿಸಿದರೂ ಸಾಕು.

ಮೂರನೆಯದಾಗಿ, ಅಳತೆ. ಒಂದು ಮೈಲಿಗೆ ಒಂದು ಇಂಚಿನ ಹಾಳೆಯಲ್ಲಿ ಏರಿಯ ಉದ್ದ ಮುಕ್ಕಾಲು ಇಂಚು ಇದ್ದರೆ ನೆಲದ ಮೇಲೆ ಅದು ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿಲೋಮೀಟರ್. 1:50,000 ಪ್ರಮಾಣದ ಹಾಳೆಯಲ್ಲಿ ಅದೇ ಏರಿ ಸುಮಾರು 2.4 ಸೆಂಟಿಮೀಟರ್ ಇರುತ್ತದೆ. ಈ ಹಾಳೆಯಲ್ಲಿ 2 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಚೌಕವು ನೆಲದ ಮೇಲೆ 1 ಹೆಕ್ಟೇರ್. 6 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲವಾಗಿ ಕಾಣುವ ಕಟ್ಟೆಯ ವಿಸ್ತೀರ್ಣ ಸುಮಾರು 6 ಹೆಕ್ಟೇರ್, ಅಂದರೆ 15 ಎಕರೆಗೆ ಸಮೀಪ.

ನಾಲ್ಕನೆಯದಾಗಿ, ಹಾಳೆಯನ್ನು ಹಿಡಿದು ನೆಲದ ಮೇಲೆ ನಡೆಯಬೇಕು. ನೀರಗಂಟಿ ಮನೆತನದವರು, ಕುರಿ ಕಾಯುವವರು, ಹಿರಿಯ ಮಹಿಳೆಯರು ಜೊತೆಯಲ್ಲಿರಬೇಕು. ಒಡೆದ ಏರಿಯ ಮಣ್ಣಿನ ದಿಬ್ಬ, ತೂಬಿನ ಕಲ್ಲು, ಬಂಡಿಯ ಗಾಲಿ ಸವೆಸಿದ ಬಂಡೆ, ಮಡಕೆಯ ಚೂರುಗಳಿರುವ ಬೂದಿಮಣ್ಣಿನ ದಿಣ್ಣೆ, ಒಂಟಿಯಾಗಿ ನಿಂತ ವೀರಗಲ್ಲು ಇವು ನಕ್ಷೆಯ ಮಾತನ್ನು ದೃಢಪಡಿಸುವ ಸಾಕ್ಷಿಗಳು.

ಐದನೆಯದಾಗಿ, ಕಂಡ ಪ್ರತಿಯೊಂದು ಸಂಗತಿಯನ್ನು ಕಂದಾಯ ಇಲಾಖೆಯ ಗ್ರಾಮ ನಕ್ಷೆಯೊಂದಿಗೆ ಹೋಲಿಸಬೇಕು. ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7,920 ಪ್ರಮಾಣದಲ್ಲಿದ್ದು, ಸರ್ವೆ ನಂಬರಿನ ಗಡಿಗಳನ್ನು ತೋರಿಸುತ್ತವೆ. ನಿಂತ ಸ್ಥಳದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು.

7. ನಕ್ಷೆಯು ಹಕ್ಕುಪತ್ರವಲ್ಲ

ಈ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. 1:50,000 ಪ್ರಮಾಣದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೊಂದು ನೆಲದ ಮೇಲೆ 25 ಮೀಟರ್ ಅಗಲವನ್ನು ಆಕ್ರಮಿಸುತ್ತದೆ. ಹೀಗಿರುವಾಗ, ಒತ್ತುವರಿ ಎಷ್ಟು ಗುಂಟೆ ಎಂಬುದನ್ನು ಟೋಪೋಶೀಟ್ ಹೇಳಲಾರದು. ಹಳೆಯ ಹಾಳೆಗಳಿಗೂ ಇಂದಿನ ಜಿಪಿಎಸ್‌ಗೂ ಭೂಮಿಯ ಆಕಾರದ ಲೆಕ್ಕಾಚಾರ ಬೇರೆಯಾಗಿರುವ ಕಾರಣ, ಸರಿಹೊಂದಿಸದೆ ನೋಡಿದರೆ ಸ್ಥಳವೇ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಇಲ್ಲಿ ಕೆರೆಯಿತ್ತು ಎಂದು ತೋರಿಸುವ ಶಕ್ತಿ ನಕ್ಷೆಗಿದೆ. ಗಡಿಯನ್ನು ನಿರ್ಧರಿಸುವುದು ಮೂಲ ಟಿಪ್ಪಣಿ, ಆಕಾರಬಂದ್ ಮತ್ತು ಭೂಮಾಪಕರ ಅಳತೆಗೆ ಬಿಟ್ಟ ವಿಷಯ.

ನಕ್ಷೆಯ ಮೌನವನ್ನೂ ಅರಿಯಬೇಕು. ಊರಿನಿಂದ ದೂರವಿರಿಸಲಾದ ಕೇರಿಗಳು ಹಳೆಯ ಹಾಳೆಗಳಲ್ಲಿ ಹೆಸರಿಲ್ಲದ ಕೆಲವು ಚುಕ್ಕೆಗಳಾಗಿ ಮಾತ್ರ ಇರಬಹುದು. ಯಾವ ಬಾವಿಯ ನೀರು ಯಾರಿಗೆ ದೊರೆಯುತ್ತಿರಲಿಲ್ಲ ಎಂಬುದನ್ನು ಯಾವ ಚಿಹ್ನೆಯೂ ಹೇಳುವುದಿಲ್ಲ. ನಕ್ಷೆಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಹಟ್ಟಿ ಅಥವಾ ತಾಂಡಾ ಹಿಂದೆ ಇರಲಿಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಆ ಕೊರತೆಯನ್ನು ತುಂಬುವುದು ಅಲ್ಲಿಯ ಜನರ ಮಾತಿನಿಂದ ಮಾತ್ರ ಸಾಧ್ಯ. ಹಾಗೆಯೇ, ಹಾಳೆಯ ಮೇಲಿನ ಗುಡಿ, ಮಸೀದಿ, ಗೋರಿಗಳ ಗುರುತನ್ನು ಊರಿನ ಸಾಮರಸ್ಯ ಕದಡುವ ವಾದಕ್ಕೆ ಬಳಸಬಾರದು.

8. ಪಂಚಾಯಿತಿಗೆ ಇದರ ಪ್ರಯೋಜನ

40 ಹೆಕ್ಟೇರಿನವರೆಗಿನ ಅಚ್ಚುಕಟ್ಟಿನ ಕೆರೆಗಳ ಹೊಣೆ ಪಂಚಾಯತ್ ರಾಜ್ ಸಂಸ್ಥೆಗಳದ್ದು. ಕೆರೆಯ ಹೂಳು ತೆಗೆಯುವ ಮುನ್ನ ಅದರ ಮೇಲಿನ ಮತ್ತು ಕೆಳಗಿನ ಕೆರೆಗಳನ್ನು, ನಡುವಿನ ರಾಜಕಾಲುವೆಯನ್ನು ಹಳೆಯ ಹಾಳೆಯಲ್ಲಿ ಗುರುತಿಸಿಕೊಂಡರೆ, ನೀರು ಬರುವ ದಾರಿಯನ್ನು ತೆರವುಗೊಳಿಸದೆ ಹೂಳೆತ್ತುವ ವ್ಯರ್ಥ ವೆಚ್ಚ ತಪ್ಪುತ್ತದೆ. ರಸ್ತೆ ಕಾಮಗಾರಿಯ ಅಂದಾಜುಪಟ್ಟಿ ತಯಾರಿಸುವಾಗ ಹಳ್ಳ ಹಾಯ್ದ ಪ್ರತಿ ಸ್ಥಳದಲ್ಲಿಯೂ ಮೋರಿ ಇದೆಯೇ ಎಂದು ಪರಿಶೀಲಿಸಬಹುದು. ಗುಂಡುತೋಪು, ಗೋಮಾಳ, ಸ್ಮಶಾನದ ದಾರಿ, ಬಿ ಖರಾಬಿನ ಹಳ್ಳಗಳ ಪಟ್ಟಿಯನ್ನು ಸಿದ್ಧಪಡಿಸಲು, 2002ರ ಜೀವವೈವಿಧ್ಯ ಕಾಯ್ದೆಯಂತೆ ರಚಿತವಾದ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಪುಷ್ಟಿಗೊಳಿಸಲು ಇದು ಸಹಕಾರಿ.

ಗ್ರಾಮದ ಸಾಮುದಾಯಿಕ ಭೂಮಿಗಳ ಅಕ್ರಮ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆಗಳನ್ನು ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ. ಅದೇ ತೀರ್ಪಿನಲ್ಲಿ, ಸರ್ಕಾರದ ಆದೇಶದಂತೆ ಭೂರಹಿತ ಕೂಲಿಕಾರರಿಗೆ ಅಥವಾ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ನೀಡಿದ ಭೂಮಿಯಂಥ ಅಸಾಧಾರಣ ಸಂದರ್ಭಗಳಿಗೆ ವಿನಾಯಿತಿಯ ಅವಕಾಶವೂ ಇದೆ. ಆದ್ದರಿಂದ ಹಳೆಯ ನಕ್ಷೆಯನ್ನು ಮೊದಲು ಬಡವರ ಗುಡಿಸಲಿನ ಮುಂದೆ ಬಿಚ್ಚದೆ, ಗ್ರಾಮಸಭೆಯ ಮುಂದೆ ಬಿಚ್ಚುವುದು ಉಚಿತ. ಎಲ್ಲರೂ ನೋಡಿದ ನಂತರ, ಎಲ್ಲರ ಸಮ್ಮುಖದಲ್ಲಿ ದಾಖಲಾದ ಮಾಹಿತಿಗೆ ಬಲ ಹೆಚ್ಚು. ಖಚಿತ ಸಂಶಯವಿದ್ದ ಕಡೆ ನಿರ್ಣಯ ಅಂಗೀಕರಿಸಿ, ಹದ್ದುಬಸ್ತಿಗಾಗಿ ತಹಶೀಲ್ದಾರರಿಗೆ ಕಳುಹಿಸುವುದು ಮುಂದಿನ ಕ್ರಮ.

ಚರ್ಚೆಗಾಗಿ ಪ್ರಶ್ನೆಗಳು

1. ನಿಮ್ಮ ಗ್ರಾಮದ ಟೋಪೋಶೀಟ್ ಸಂಖ್ಯೆ ಯಾವುದು? ದೊರೆತ ಹಾಳೆಗಳ ಸಮೀಕ್ಷೆಯ ವರ್ಷಗಳು ಯಾವುವು?
2. ಹಳೆಯ ಹಾಳೆಯಲ್ಲಿದ್ದು ಇಂದು ಕಾಣದ ಕೆರೆ, ಕಟ್ಟೆ, ಬಾವಿಗಳೆಷ್ಟು? ಅವುಗಳ ಸರ್ವೆ ನಂಬರ್ ಯಾವುದು?
3. ಪಂಚಾಯಿತಿ ವ್ಯಾಪ್ತಿಯಲ್ಲಿ ಬೇಚಿರಾಕ್ ಗ್ರಾಮಗಳಿವೆಯೇ? ಅವುಗಳ ಬಗ್ಗೆ ಹಿರಿಯರು ಹೇಳುವುದೇನು?
4. ಕಳೆದ ಮಳೆಗಾಲದಲ್ಲಿ ನೀರು ನುಗ್ಗಿದ ಸ್ಥಳಗಳು ಹಳೆಯ ಹಾಳೆಯಲ್ಲಿ ಹೇಗೆ ಕಾಣುತ್ತವೆ?
5. ನಕ್ಷೆಯಲ್ಲಿ ಹೆಸರಿಲ್ಲದ ಕೇರಿ, ಹಟ್ಟಿ, ತಾಂಡಾಗಳ ಚರಿತ್ರೆಯನ್ನು ಯಾರಿಂದ ಕೇಳಿ ಬರೆಯಬಹುದು?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಗ್ರಾಮದ ಶಾಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ನೆರವಿನಿಂದ ಒಂದು ವಹಿಯಲ್ಲಿ ದಾಖಲಿಸಿ, ಹೇಳಿದವರ ಹೆಸರು, ವಯಸ್ಸು, ದಿನಾಂಕವನ್ನು ನಮೂದಿಸಿ, ಪಂಚಾಯಿತಿಯ ಗ್ರಂಥಾಲಯದಲ್ಲಿ ಸಾರ್ವಜನಿಕರ ಓದಿಗೆ ಇರಿಸಬಹುದು. ಸದಸ್ಯರ ಅವಧಿ ಐದು ವರ್ಷ; ಆ ವಹಿಯು ಮುಂದಿನ ಸದಸ್ಯರ ಕೈಗೂ ತಲುಪಬೇಕು.